ದೇವರ ಖೋಲಿಯೊಳಗಿನ ರೂಟರ್

ಲ್ಯಾಪ್‌ಟಾಪಿನ ವೈಫೈ ‘ಹೋಗ್ತೈತಿ, ಬರ್ತೈತಿ’ ಎನ್ನುವ ಕಂಪ್ಲೇಂಟು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೂರ್ತಿ ಹೋಗಿದೆ ಎಂದು ಹೇಳಿ, ಹುಡುಕಿ ಕೊಡುತ್ತೇನೆ. ಇಲಿ ವೈರು ಕಡಿದಿರುತ್ತದೆ, ಸಿಡಿಲಿಗೆ ಅಡಾಪ್ಟರು ಸುಟ್ಟಿರುತ್ತದೆ, ಏನೋ ಒಂದು ಕಣ್ಣಿಗೆ ಕಾಣುತ್ತದೆ. ಹೋಗಿ ಬರುವ ನೆಟ್ಟನ್ನು ಹಿಡಿಯುವುದು ಮಾತ್ರ ಜೀವ ತಿನ್ನುವ ಕೆಲಸ. ಡಾಕ್ಟರ ಮುಂದೆ ಕೂತಾಗ ಕೆಮ್ಮು ನಿಲ್ಲುತ್ತದಲ್ಲ, ಸಾಮಾನ್ಯವಾಗಿ ಹಾಗೆ ನಾವು ಹೋದಾಗ ಎಲ್ಲ ಸರಿಯಾಗಿರುತ್ತದೆ. ವಳಕಮದಿನ್ನಿಯ ಆ ಮನೆಯಲ್ಲಿ ಇದು ಉಲ್ಟಾ ಆಗಿತ್ತು. ನಾನು ಹೋದಾಗಲೆಲ್ಲ ಕೆಟ್ಟಿರುತ್ತಿತ್ತು.

ನನ್ನ ಹೆಸರು ಸುರೇಖಾ. ಸಿಂಧನೂರಿನಲ್ಲಿ ನಿಯಾಜ್ ಸಾಬರ ಬ್ರಾಡ್‌ಬ್ಯಾಂಡ್ ದಫ್ತರದಲ್ಲಿ ಐದು ವರ್ಷದಿಂದ ಟೆಕ್ನಿಶಿಯನ್ ಆಗಿದ್ದೇನೆ. ಊರು ತುರ್ವಿಹಾಳ. ನಮ್ಮದು ಊರ ಹೊರಗಿನ ಓಣಿ, ದಲಿತರ ಓಣಿ. ಅಪ್ಪ ನರಸಣ್ಣ ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾದ ವರ್ಷ ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿ, ಇನ್ನು ಯಾರ ಮನೆಯ ಹೊಸ್ತಿಲ ಮುಂದೆಯೂ ಕೈಕಟ್ಟಿ ನಿಲ್ಲಬೇಡಿರಿ ಎಂದು ನಮಗೆಲ್ಲ ಹೇಳಿದ್ದ. ನಿಲ್ಲುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಸೀದಾ ಒಳಗೆ ಹೋಗುತ್ತೇನೆ. ಬರಬೇಡ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ನೆಟ್ಟು ಬೇಕು. ಚಹಾ ಕೂಡ ಕೊಡುತ್ತಾರೆ. ಅವರು ಸ್ಟೀಲ್ ಲೋಟದಲ್ಲಿ ಕುಡಿಯುತ್ತಾರೆ, ನನಗೆ ಪೇಪರ್ ಕಪ್ಪಿನಲ್ಲಿ ಬರುತ್ತದೆ. ಕೇಳಿದರೆ ಎಂಜಲು ಲೋಟ ತೊಳೆಯುವವರು ಯಾರು ಎನ್ನುತ್ತಾರೆ. ನಾನು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ಭಾಗ್ಯಶ್ರೀ ಫೋನು ಮಾಡಿದ್ದು ಭತ್ತದ ಕೊಯ್ಲು ಮುಗಿಯುತ್ತಾ ಬಂದ ದಿನಗಳಲ್ಲಿ. ತುರ್ವಿಹಾಳದ ಹೈಸ್ಕೂಲಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚು. ಅವಳು ಶೆಟ್ಟರ ಓಣಿಯ ಹುಡುಗಿ, ದಿನಾ ನನ್ನ ಡಬ್ಬಿಯ ಜೋಳದ ರೊಟ್ಟಿ ಕಸಿದುಕೊಂಡು ತಿಂದು ತನ್ನ ಚಪಾತಿ ನನಗೆ ಕೊಡುತ್ತಿದ್ದಳು. ಗಣಿತದಲ್ಲಿ ಅವಳನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಎಂಎಸ್ಸಿ ಮಾಡಿದಳು, ಮದುವೆಯಾಯಿತು, ವಳಕಮದಿನ್ನಿಯ ಅಮರಗುಂಡಪ್ಪನವರ ಮನೆಯ ಸೊಸೆಯಾದಳು. ಗಂಡ ವೀರೇಂದ್ರನದು ಮಸ್ಕಿಯಲ್ಲಿ ಗೊಬ್ಬರದ ಅಂಗಡಿ, ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾನೆ. ನಾಲ್ಕು ವರ್ಷ ಇವಳು ಆ ಮನೆಯಲ್ಲಿ ರೊಟ್ಟಿ ಬಡಿದಿದ್ದಾಳೆ.

“ಸುರೇಖಾ, ಮನ್ಯಾಗ ಕುಂತು ಲ್ಯಾಪ್‌ಟಾಪ್‌ನ್ಯಾಗ ಹುಡುಗರಿಗೆ ಗಣಿತ ಹೇಳೋ ಕೆಲಸ ಸಿಗಾಕತ್ತೈತಿ,” ಎಂದಳು. “ಲಿಖಿತ ಪರೀಕ್ಷಿ ಪಾಸಾಗೀನಿ. ಇನ್ನ ಡೆಮೋ ಕ್ಲಾಸು ಒಂದ ಉಳದೈತಿ. ನಲವತ್ತು ನಿಮಿಷ, ಒಂದ ಸಲ. ನಡುವ ನೆಟ್ ಹೋದ್ರ ಮುಗೀತು.”

“ಮನ್ಯಾಗಿನವರು ಒಪ್ಯಾರೇನು?”

“ಮಾವಾರು ಅಂದ್ರು, ಇದೊಂದು ಸಲ ನೋಡವಾ, ಹೊಸ್ತಿಲ ದಾಟದ ಕೆಲಸ ಆದ್ರ ಮಾಡು, ಆಗಲಿಲ್ಲಂದ್ರ ಆ ಪೆಟಗಿ ಮುಚ್ಚಿ ಇಟ್ಟುಬಿಡು ಅಂತ. ಅವರು ಒಮ್ಮಿ ಅಂದ್ರ ಅಂದಂಗ. ನೀನ ಬಾ, ಬ್ಯಾರೆ ಯಾರನ್ನೂ ಕಳಸಬ್ಯಾಡ.”

ಹೋದೆ. ಹಳೆಯ ಕಾಲದ ಕಲ್ಲಿನ ಮನೆ, ಎರಡು ಮೊಳ ದಪ್ಪದ ಗೋಡೆ. ಪಡಸಾಲೆಯ ಒಂದು ಬದಿಗೆ ಭಾಗ್ಯಶ್ರೀಯ ಖೋಲಿ, ಅದರ ಎದುರಿಗೇ ದೇವರ ಖೋಲಿ. ದೇವರ ಖೋಲಿಯ ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಹಿತ್ತಾಳೆಯ ತಗಡು ಹೊಡೆದು ನಂದಿ, ಬಿಲ್ವದ ಎಲೆ ಎಲ್ಲ ಕೆತ್ತಿಸಿದ್ದರು. ಅತ್ತೆ ಪಾರ್ವತೆಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು, ಬಾರವಾ, ಕುಂದುರು ಎಂದರು. ಒಳ್ಳೆಯ ಹೆಂಗಸು. ಭಾಗ್ಯಶ್ರೀ ಅತ್ತೆಯ ಎದುರಿಗೆ ನನ್ನನ್ನು ‘ಸುರೇಖಾ ಅವರ’ ಎಂದಳು, ನನಗೆ ಪಕ್ಕನೆ ನಗು ಬಂತು, ಅವಳು ನಗಲಿಲ್ಲ.

ಲ್ಯಾಪ್‌ಟಾಪು ನೋಡಿದೆ. ವೈಫೈ ಗುರುತಿನಲ್ಲಿ ಒಂದೇ ಗೆರೆ, ಅದೂ ಮಿಟಮಿಟ. ಹಳೆಯ ಸಂಪರ್ಕ ಅಳಿಸಿ ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಬ್ಯಾಟರಿ ಉಳಿಸಲು ವೈಫೈಯನ್ನು ಮಲಗಿಸುವ ಸೆಟ್ಟಿಂಗೊಂದಿರುತ್ತದೆ, ಅದನ್ನು ಬಂದ್ ಮಾಡಿದೆ. ಏನೂ ಆಗಲಿಲ್ಲ. ರೂಟರ್ ಎಲ್ಲಿ ಎಂದು ಕೇಳಿದೆ.

“ದೇವರ ಖೋಲ್ಯಾಗ ಐತೆವಾ,” ಎಂದರು ಪಾರ್ವತೆಮ್ಮ. “ಖಂಡೆ ಪೂಜಿ ದಿನ ಜಗಲಿ ಮ್ಯಾಲ ಕುಂದ್ರಿಸಿ ಪೂಜಿ ಮಾಡೀವಿ. ಮಂಚದ ಮ್ಯಾಲ ಇತ್ತು ಮೊದ್ಲು, ಯಾರರ ತುಳದ್ರ ಅಂತ ಅಲ್ಲೇ ಇಟ್ಟೀವಿ. ಕುಂದ್ರಿಸಿದ್ದನ್ನ ಮತ್ತ ಎಬ್ಬಸಾಕ ಬರಂಗಿಲ್ಲ, ಮುಂದಿನ ವರ್ಷದ ಮಾನವಮಿತನಕ.”

ಕಂಪ್ಯೂಟರು, ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷೀನು ಎಲ್ಲಕ್ಕೂ ಆಯುಧಪೂಜೆಯ ಆ ಹಬ್ಬದಲ್ಲಿ ಪೂಜೆ ಆಗುತ್ತದೆ. ಆದರೆ ಟ್ರ್ಯಾಕ್ಟರನ್ನು ಯಾರೂ ಜಗಲಿಯ ಮೇಲೆ ಕೂರಿಸುವುದಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ನಾನು ಒಮ್ಮೆ ನೋಡಬೇಕಿತ್ತು ಎಂದೆ.

ಪಾರ್ವತೆಮ್ಮ ಸೆರಗು ಸರಿಮಾಡಿಕೊಂಡರು. “ಮಡಿಯಿಂದ ಇರೋ ಜಾಗ ಅಲ್ಲೇನವಾ. ಭಾಗ್ಯಾ ಹೋಗಿ ನೋಡಿ ಹೇಳ್ತಾಳ ತಗೋ.”

ಎರಡನೆಯ ಸಲ ಕೇಳುವುದು ನನ್ನ ಜಾಯಮಾನವಲ್ಲ. ಬೇಡ ಎನ್ನುವುದನ್ನು ಇನ್ನೊಮ್ಮೆ ಅವರ ಬಾಯಿಂದ ಹೇಳಿಸಿ ಕೇಳಿಸಿಕೊಳ್ಳುವ ಕರ್ಮ ನನಗೇನು ಬಂದಿದೆ? ಫೋಟೋ ತೆಗೆದು ಕಳಿಸು ಎಂದು ಭಾಗ್ಯಶ್ರೀಗೆ ಹೇಳಿ, ಚಹಾ ಅಲ್ಲೇ ಬಿಟ್ಟು ಎದ್ದುಬಂದೆ. ಫೋಟೋ ಸಂಜೆ ಬಂತು. ರೂಟರಿಗೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೇವಂತಿಗೆ, ಎಲ್ಲ ಲೈಟೂ ಹಸಿರು. ‘ಈಗ ಐದೂ ಗೆರಿ ಬರಾಕತ್ತಾವ, ಏನ್ ಮಾಡಿ ಹೋದಿ?’ ಎಂದು ಕೆಳಗೆ ಬರೆದಿದ್ದಳು. ಡ್ರೈವರಿನ ತೊಂದರೆ ಇತ್ತು, ಸರಿಮಾಡಿದೆ ಎಂದು ಉತ್ತರ ಬರೆದೆ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ.

ಎರಡು ದಿನಕ್ಕೆ ಮತ್ತೆ ಅದೇ ರಾಗ. ಒಂದು ದಿನ ಚೆನ್ನಾಗಿರುತ್ತದೆ, ಮರುದಿನ ಆಳುಗಳು ಭತ್ತದ ಚೀಲ ತಂದು ಪಡಸಾಲೆಯಲ್ಲಿ ಒಟ್ಟುವ ಹೊತ್ತಿಗೆ ಹೋಗುತ್ತದೆ. ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನ ಇರುವುದಿಲ್ಲ. ವೀರೇಂದ್ರ ಲ್ಯಾಪ್‌ಟಾಪನ್ನು ಲಿಂಗಸುಗೂರಿಗೆ ಒಯ್ದು ಒಳಗಿನ ವೈಫೈ ಕಾರ್ಡನ್ನೇ ಬದಲಿಸಿಕೊಂಡು ಬಂದ. ಅದಕ್ಕೂ ಬಗ್ಗಲಿಲ್ಲ. ದಫ್ತರದ ಕಂಪ್ಯೂಟರಿನಲ್ಲಿ ನೋಡಿದರೆ ಅವರ ರೂಟರು ನಲವತ್ತು ದಿನದಿಂದ ಒಂದು ಸಲವೂ ಕಣ್ಣು ಮುಚ್ಚಿಲ್ಲ. “ನಮ್ಮ ಲೈನ್ ಬರೋಬ್ಬರಿ ಐತಿ, ಕಂಪ್ಲೇಂಟ್ ಕ್ಲೋಸ್ ಮಾಡು, ಯಾಕ ಸುಮ್ಮನ ಪರೇಶಾನ್ ಆಗ್ತಿ?” ಎಂದರು ನಿಯಾಜ್ ಸಾಬರು. ನಾನು ಕ್ಲೋಸ್ ಮಾಡಲಿಲ್ಲ.

ಎರಡನೆಯ ಸಲ ಹೋದಾಗ ನನ್ನ ಫೋನನ್ನೂ ಅವರ ವೈಫೈಗೆ ಜೋಡಿಸಿ ನೋಡಿದೆ. ಅದರಲ್ಲೂ ಒಂದೇ ಗೆರೆ. ಅಂದರೆ ಲ್ಯಾಪ್‌ಟಾಪಿನದು ತಪ್ಪಿಲ್ಲ. ರೂಟರಿನದೂ ತಪ್ಪಿಲ್ಲ. ನಡುವೆ ಏನೋ ಅಡ್ಡ ಬರುತ್ತಿದೆ. ರೂಟರ್ ಇಟ್ಟ ಜಾಗ ಸರಿಯಿಲ್ಲ ಎಂದು ನನಗೆ ಹೊಳೆಯಲಿಲ್ಲ ಎಂದುಕೊಳ್ಳಬೇಡಿ. ಹೊಳೆದಿತ್ತು. ಆದರೆ ಜಾಗ ಕೆಟ್ಟದ್ದಾದರೆ ಯಾವಾಗಲೂ ಕೆಟ್ಟದ್ದೇ ಇರಬೇಕಲ್ಲ, ಕಲ್ಲಿನ ಗೋಡೆ ಬೆಳಿಗ್ಗೆ ಎದ್ದು ಹೋಗಿ ಮಧ್ಯಾಹ್ನ ವಾಪಸ್ ಬರುವುದಿಲ್ಲ. ಊರ ಹೊರಗಿನ ರೈಸ್ ಮಿಲ್ಲು ಶುರುವಾದಾಗ ಹೀಗಾಗುತ್ತದೆ ಎಂದು ಲೆಕ್ಕ ಹಾಕಿ ವೈಫೈಯ ಚಾನೆಲ್ ಬದಲಿಸಿದೆ. ರೂಟರಿನಿಂದ ಒಂದು ಕೇಬಲ್ ಎಳೆದು ಸೀದಾ ಲ್ಯಾಪ್‌ಟಾಪಿಗೆ ಸಿಕ್ಕಿಸಿಬಿಡೋಣ ಎಂದೂ ಹೇಳಿದೆ.

“ದೇವರ ಹೊಸ್ತಿಲ ಮ್ಯಾಲ ವೈರ್ ಹಾಯಸ್ತಾರೇನವಾ?” ಎಂದು ಪಾರ್ವತೆಮ್ಮ ಕೇಳಿದರು. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಅಮರಗುಂಡಪ್ಪನವರು ಪೇಪರಿನಿಂದ ತಲೆ ಎತ್ತದೆ, “ಬ್ಯಾಡ,” ಎಂದರು. ಡೆಮೋ ದಿನ ಸಿಂಧನೂರಿಗೆ ನಮ್ಮ ದಫ್ತರಕ್ಕೆ ಬಂದು ಕೂರಲಿ, ಅಲ್ಲಿ ನೆಟ್ಟು ಗುಂಡಿನಂತೆ ಓಡುತ್ತದೆ ಎಂದೆ. “ನಮ್ಮನಿ ಸೊಸಿ ಅಂಗಡ್ಯಾಗ ಹೋಗಿ ಕುಂದ್ರಂಗಿಲ್ಲ ತಂಗಿ,” ಎಂದರು. ಅವರ ಊರಿನಲ್ಲಿ ಮೊಬೈಲ್ ಸಿಗ್ನಲ್ ಮಾಳಿಗೆ ಹತ್ತಿದರೆ ಒಂದು ಕಡ್ಡಿ. ಅಲ್ಲಿಗೆ ಎಲ್ಲ ದಾರಿಯೂ ಮುಗಿಯಿತು. ಭಾಗ್ಯಶ್ರೀ ತಲಬಾಗಿಲಿನವರೆಗೆ ಬಂದು, “ಇರಲಿ ಬಿಡು, ನಾ ಏನರ ಮಾಡ್ತೀನಿ,” ಎಂದಳು. ಅವಳ ಮುಖ ನೋಡಲಾಗದೆ ಸ್ಕೂಟಿ ತಿರುಗಿಸಿದೆ.

ಡೆಮೋ ಗುರುವಾರ ಹನ್ನೊಂದು ಗಂಟೆಗೆ. ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಲ್ಯಾಪ್‌ಟಾಪಿನಿಂದ ನನಗೆ ವಿಡಿಯೋ ಕಾಲ್ ಮಾಡಿದಳು. ಇಪ್ಪತ್ತು ನಿಮಿಷ ಮಾತಾಡಿದೆವು. ಅವಳ ಕಿವಿಯ ಬುಗುಡಿಯ ಕಲ್ಲು ಎಣಿಸುವಷ್ಟು ಸ್ವಚ್ಛ. ಬಿಳಿ ಬೋರ್ಡಿನ ಮೇಲೆ ತ್ರಿಕೋನ ಬರೆದು, ಅಂಥದೇ ಕಾಗದದ ತ್ರಿಕೋನದ ಮೂರು ಕೋನ ಕತ್ತರಿಸಿ ಒಂದೇ ಸಾಲಿನಲ್ಲಿ ಕೂಡಿಸಿ ತೋರಿಸಿದಳು. ಎಂಟನೇ ಕ್ಲಾಸಿನಲ್ಲಿ ನನಗೆ ಹೀಗೆ ಯಾರಾದರೂ ಹೇಳಿಕೊಟ್ಟಿದ್ದರೆ ನಾನೂ ಗಣಿತ ಓದುತ್ತಿದ್ದೆ.

“ನಾ ಹತ್ತೂವರಿಗೆ ಬರ್ತೀನಿ,” ಎಂದೆ.

“ಬ್ಯಾಡ. ಎಲ್ಲಾ ಛಲೋ ಐತಲ್ಲ. ನೀ ಯಾಕ ಬಿಸಲಾಗ ಬರ್ತಿ?”

“ನಡುವ ಹೋದ್ರ ಏನ್ ಮಾಡ್ತಿ? ನಾ ಬಾಜೂಕ ಇರ್ತೀನಿ.”

“ಬ್ಯಾಡ ಸುರೇಖಾ. ಖರೇನ ಬ್ಯಾಡ,” ಎಂದಳು. ಬೋರ್ಡಿನ ತ್ರಿಕೋನ ಒರೆಸುತ್ತಾ, “ನಿನಗ ಕೆಲಸ ಇರ್ತಾವ,” ಎಂದಳು.

ಸಂಕೋಚಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ನಾನು ಹಟಮಾರಿ. ಎರಡು ಸಲ ಸೋತು ಬಂದ ಮನೆ ಅದು. ಅದಕ್ಕಿಂತ ಹೆಚ್ಚಾಗಿ, ಅವಳು ಗೆಲ್ಲುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಹೆಚ್ಚು ಸಿಗ್ನಲ್ ಎಳೆಯುವ ಆಂಟೆನಾ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಕಾಲುವೆಯ ದಾರಿಯಲ್ಲಿ ಭತ್ತದ ಲಾರಿಗಳ ಹಿಂದೆ ಸಿಕ್ಕಿಬಿದ್ದು, ಹಾರ್ನ್ ಒತ್ತಿ ಒತ್ತಿ, ಮುಟ್ಟುವಾಗ ಹನ್ನೊಂದಕ್ಕೆ ಐದು ನಿಮಿಷ ಇತ್ತು.

ಮನೆ ಖಾಲಿ ಖಾಲಿ ಇತ್ತು. ಆಳುಗಳಿಲ್ಲ, ಚೀಲ ಹೊರುವವರಿಲ್ಲ, ಅಮರಗುಂಡಪ್ಪನವರು ಹೊಲಕ್ಕೆ ಹೋಗಿದ್ದರು. ನಾನು ಪಡಸಾಲೆಗೆ ಕಾಲಿಟ್ಟಾಗ ಪಾರ್ವತೆಮ್ಮ ದೇವರ ಖೋಲಿಯಿಂದ ಹೊರಗೆ ಬಂದು, “ಬಾರವಾ, ಶುರು ಆಗಾಕತ್ತೈತಿ,” ಎಂದು ಪಿಸುಗುಟ್ಟಿ, ಹಿತ್ತಾಳೆಯ ಬಾಗಿಲನ್ನು ಎಳೆದುಕೊಂಡರು. ನಾನು ಭಾಗ್ಯಶ್ರೀಯ ಖೋಲಿಯ ಬಾಗಿಲ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ ನೆಲಕ್ಕೆ ಕೂತೆ. ಅವಳು ನನ್ನನ್ನು ನೋಡಿದಳು. ಖುಷಿಪಡುತ್ತಾಳೆ ಎಂದುಕೊಂಡಿದ್ದೆ, ಅವಳ ಮುಖದ ಬಣ್ಣವೇ ಹೋಯಿತು. ಅಂಜಿಕೆ ಇರಬೇಕು ಎಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದೆ.

“ನಮಸ್ಕಾರ ಭಾಗ್ಯಶ್ರೀ ಅವರೇ, ನೀವು ಶುರು ಮಾಡಬಹುದು,” ಎಂದಿತು ಬೆಂಗಳೂರಿನ ಕಡೆಯ ದನಿ. ಅವಳು ತ್ರಿಕೋನ ಬರೆದಳು. ಎರಡನೆಯ ವಾಕ್ಯಕ್ಕೇ ದನಿ ತುಂಡಾಯಿತು. “ಮೇಡಂ, ನೀವು ಹೇಳಿದ್ದು ಕೇಳಿಸ್ತಿಲ್ಲ... ಮೇಡಂ, ನಿಮ್ಮ ಚಿತ್ರ ನಿಂತುಹೋಗಿದೆ.” ನಾನು ತೆವಳಿಕೊಂಡು ಹೋಗಿ ಆಂಟೆನಾ ಸಿಕ್ಕಿಸಿದೆ. ಒಂದು ಗೆರೆ ಎರಡಾಗಲಿಲ್ಲ. ವೈಫೈ ಬಂದ್ ಮಾಡಿ ಚಾಲೂ ಮಾಡಿದೆ. ಅವಳು ಹಾಗೆಯೇ ನಗುಮುಖ ಇಟ್ಟುಕೊಂಡು ಕೇಳಿಸದವರಿಗೆ ಪಾಠ ಹೇಳುತ್ತಿದ್ದಳು. “ಮೇಡಂ, ಹತ್ತು ನಿಮಿಷ ಕಾಯ್ತೀವಿ. ಅಷ್ಟರಲ್ಲಿ ಸರಿಯಾಗದಿದ್ದರೆ ನಿಲ್ಲಿಸಬೇಕಾಗುತ್ತದೆ,” ಎಂದು ಚೂರುಚೂರಾಗಿ ಕೇಳಿಸಿತು.

ಸೊಸೆಯ ಪರದಾಟ ನೋಡಲಾರದೆ ಪಾರ್ವತೆಮ್ಮ ಎದ್ದರು. “ಎಪ್ಪಾ ಮಲ್ಲಯ್ಯ, ಕೂಸಿನ ಕೈ ಬಿಡಬ್ಯಾಡ,” ಎನ್ನುತ್ತಾ ದೇವರ ಖೋಲಿಯ ಬಾಗಿಲು ತೆರೆದು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದರು. ಆ ಕ್ಷಣಕ್ಕೆ ಲ್ಯಾಪ್‌ಟಾಪಿನಲ್ಲಿ ಐದೂ ಗೆರೆ ಎದ್ದುನಿಂತವು. “ಹಾಂ ಮೇಡಂ, ಈಗ ಸ್ಪಷ್ಟವಾಗಿದೆ, ಮುಂದುವರಿಸಿ,” ಎಂದಿತು ದನಿ. ಭಾಗ್ಯಶ್ರೀ ಮೂರು ಕೋನವನ್ನೂ ಕತ್ತರಿಸಿ ಕೂಡಿಸುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಪಾರ್ವತೆಮ್ಮ ಕೈಮುಗಿದು ಹೊರಗೆ ಬಂದರು, ಎದುರಿನ ಖೋಲಿಯಲ್ಲಿ ಕೂತ ನನ್ನ ಕಡೆ ನೋಡಿದರು, ಬಾಗಿಲು ಎಳೆದರು. ದನಿ ಕಡಿದುಹೋಯಿತು.

ನನಗೆ ಅರ್ಥವಾಯಿತು. ಸುತ್ತ ಕಲ್ಲು, ಎದುರಿಗೆ ಹಿತ್ತಾಳೆಯ ತಗಡು. ತೆರೆದಾಗ ನೆಟ್ಟು ಬರುತ್ತದೆ, ಮುಚ್ಚಿದಾಗ ಹೋಗುತ್ತದೆ. ಮೊದಲ ದಿನವೇ ಆ ಖೋಲಿಯೊಳಗೆ ಒಂದು ಹೆಜ್ಜೆ ಇಟ್ಟಿದ್ದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ಎದ್ದು ಪಾರ್ವತೆಮ್ಮನ ಹತ್ತಿರ ಓಡಿದೆ.

“ಅಮ್ಮಾರ, ಆ ಬಾಗ್ಲು ತೆರದಿಡ್ರಿ. ಆ ತಗಡಿಗೆ ನೆಟ್ ತಡದು ನಿಲ್ಲಾಕತ್ತೈತಿ.”

ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು. “ತೆರದಿಡ್ತೀನವಾ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕೆಡುಕಿರಲಿಲ್ಲ. “ನೀ ಒಂದೀಟು ಹೊರಗ ಹೋಗಿ ನಿಂದ್ರು. ಮಂದಿ ಇದ್ದಾಗ ತೆರದಿಡಾಕ ಬರಂಗಿಲ್ಲ, ಅದಕ್ಕ ಮುಚ್ಚಿದ್ದೆ.”

“ಯಾವ ಮಂದಿ ರೀ?”

“ನಮ್ಮನಿಯವರಲ್ಲದವರು ಅಂತವಾ.”

“ನಿಮ್ಮ ಬೀಗರು ಬಂದಾಗ ಮುಚ್ಚತೀರೇನು?”

ಅವರು ಚಿಲಕದ ಮೇಲೆ ಕೈ ಇಟ್ಟು ನಿಂತರು. ಆಗಲೇ ನಾನು ಹೊರಗೆ ಓಡಬೇಕಿತ್ತು. ಓಡಲಿಲ್ಲ. ಅಲ್ಲೇ ನಿಂತೆ. ಕಾಲು ಕೀಳಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನೇ ಕೀಳಲಿಲ್ಲ. ನಾನಿರುವಾಗಲೇ ತೆರೆಯಲಿ, ನನ್ನ ಕಣ್ಣ ಮುಂದೆ ತೆರೆಯಲಿ ಎನ್ನುವ ಹಟಕ್ಕೆ ಬಿದ್ದೆ. “ತೆರೀರಿ,” ಎಂದೆ. “ಹೊರಗ ಹೋಗವಾ,” ಎಂದರು. “ಮೊದ್ಲು ತೆರೀರಿ,” ಎಂದೆ. ಪಾರ್ವತೆಮ್ಮನ ಕೈ ಚಿಲಕದ ಮೇಲೇ ಇತ್ತು, ಆದರೆ ಚಿಲಕ ಸರಿಯಲಿಲ್ಲ. ಖೋಲಿಯೊಳಗೆ ಭಾಗ್ಯಶ್ರೀಯ ದನಿ ‘ಹಲೋ, ಸರ್, ಕೇಳಸ್ತದೇನ್ರಿ, ಹಲೋ’ ಎನ್ನುತ್ತಲೇ ಇತ್ತು. ನಾವಿಬ್ಬರೂ ಹೀಗೆ ಎಷ್ಟು ಹೊತ್ತು ನಿಂತೆವೋ, ಕೊನೆಗೆ ಅವಳ ಆ ಹಲೋ ಕೇಳಲಾರದೆ ನಾನೇ ಸೋತು, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಓಡಿದೆ.

ಓಣಿಗೆ ಬಂದು ಸ್ಕೂಟಿ ಹಿಡಿದು ನಿಂತೆ. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಹಿಂದೆ ಬಾಗಿಲು ತೆರೆದ ಸದ್ದಾಯಿತು, ಕೈಯಲ್ಲಿದ್ದ ನನ್ನ ಫೋನಿನಲ್ಲಿ ಅವರ ಮನೆಯ ವೈಫೈ ಓಣಿಯವರೆಗೂ ಮೂರು ಗೆರೆ ತೋರಿಸಿತು. ಮುಂದುವರಿಸು ಭಾಗ್ಯಾ, ಮುಂದುವರಿಸು ಎಂದು ನಾನೊಬ್ಬಳೇ ಹೇಳಿಕೊಳ್ಳುತ್ತಿದ್ದೆ.

ಐದು ನಿಮಿಷವೂ ಆಗಿರಲಿಲ್ಲ, ಅವಳು ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಆ ಮನೆಯ ಸೊಸೆ ನನ್ನ ಚಪ್ಪಲಿ ಹಿಡಿದು ಓಣಿಯಲ್ಲಿ ನಿಂತಿದ್ದಳು, ಕಟ್ಟೆಯ ಮೇಲಿನ ಮುದುಕರು ನೋಡುತ್ತಿದ್ದರು.

“ಕಟ್ ಮಾಡಿಬಿಟ್ರು,” ಎಂದಳು. “ನೆಟ್ ಬರೂತನಾ ಅವರು ಕೊಟ್ಟ ಹತ್ತು ನಿಮಿಷ ಮುಗದಿತ್ತು. ಇನ್ನೊಂದು ಸಲ ಕೊಡಾಕ ಬರಂಗಿಲ್ಲಂತ.”

“ಬಾಗ್ಲದ್ದು,” ಎಂದೆ. “ಆ ಬಾಗ್ಲದ್ದು ಭಾಗ್ಯಾ.”

“ಗೊತ್ತೈತಿ.”

ನಾನು ಅವಳ ಮುಖ ನೋಡಿದೆ.

“ಹದಿನೈದು ದಿನ ಆತು ಗೊತ್ತಾಗಿ. ಆಳು ಮಂದಿ ಬಂದಾಗ ಅತ್ತಿ ಮುಚ್ಚತಾರ, ನೆಟ್ ಹೋಗ್ತೈತಿ. ಅದಕ್ಕ ಇವತ್ತು ಎಲ್ಲಾರಿಗೂ ಬರಬ್ಯಾಡ್ರಿ ಅಂತ ಹೇಳಿದ್ದೆ. ಚೀಲ ಹೊರೋರಿಗೆ, ಬಾಂಡೆ ತಿಕ್ಕೋ ಹನಮವ್ವಗ. ನಿನಗೂ ಹೇಳಿದ್ದೆ.”

“ಕಾರಣ ಹೇಳಿದ್ರ ನಾ ಬರ್ತಿರಲಿಲ್ಲಲ್ಲಲೇ,” ಎಂದೆ. ಅಳು ಬರುತ್ತಿತ್ತು, ಸಿಟ್ಟು ಬರುತ್ತಿತ್ತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ.

“ಕಾರಣ ಹೇಳಿದ್ರ ನೀ ಮತ್ತ ಎಂದೂ ಬರ್ತಿರಲಿಲ್ಲ,” ಎಂದಳು. ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನು ಕರೆಯಲಿಲ್ಲ. ಕರೆದು ಏನು ಹೇಳುವುದು, ಅತ್ತೆಯ ಕೈ ಚಿಲಕದ ಮೇಲಿದ್ದಾಗ ನಾನೂ ಹಟ ಹಿಡಿದು ನಿಂತಿದ್ದೆ ಎಂದೇ?

ಸಿಂಧನೂರು ಇನ್ನೂ ದೂರ ಇರುವಾಗ ವಾಟ್ಸಾಪಿನಲ್ಲಿ ಫೋನು ಬಂತು. ಸ್ಕೂಟಿ ಪಕ್ಕಕ್ಕೆ ನಿಲ್ಲಿಸಿದೆ. ಅಮರಗುಂಡಪ್ಪನವರು ಹೊಲದಿಂದ ಮನೆಗೆ ಬಂದಿದ್ದರು.

“ತಂಗಿ, ಭಾಗ್ಯಾನ ಕೆಲಸದ್ದೇನೋ ಆಗಲಿಲ್ಲಂತ, ಇರಲಿ ಬಿಡು, ಲ್ಯಾಪ್‌ಟಾಪ್ ಕಟ್ಟಿ ಮ್ಯಾಲ ಇಡಾಕ ಹೇಳೀನಿ,” ಎಂದರು. “ಆದ್ರ ನೆಟ್ ಈಗ ಭಾರಿ ಓಡಾಕತ್ತೈತಿ ನೋಡು. ಟಿವ್ಯಾಗ ಹಚ್ಚಿ ನೋಡಿದೆ, ಒಟ್ಟ ನಿಂದ್ರವಲ್ದು. ಏನ್ ರಿಪೇರಿ ಮಾಡಿದಿ?”

“ನಾ ಎದ್ದು ಹೊರಗ ಬಂದೆ ರೀ,” ಎಂದೆ.

“ಅಷ್ಟಕ್ಕ ಸರಿ ಆತೇನು?”

“ಅಷ್ಟಕ್ಕ ಸರಿ ಆತು ರೀ.”

ಅವರು ನಕ್ಕರು. ಭೇಷ್ ತಂಗಿ, ಶಾಣ್ಯಾಕಿ ಅದಿ ಎಂದು ಹೇಳಿ ಫೋನು ಇಟ್ಟರು.